ಹೆರಿಗೆಮನೆಯ ಗಂಟೆ

ಮೂರನೆಯ ನೋವು ಬಂದಾಗಲೂ ಲೀಸ್ಬೆಟ್ ಬಾಯಿ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಗಡ್ಡೆಯ ಸಿಪ್ಪೆ ಹೆರೆಯುತ್ತಲೇ ಇದ್ದಳು.

"ಮುಖ ಹಾಗೆ ಕಿವುಚ್ಬೇಡ್ವೇ. ಸೂಲಗಿತ್ತಿ ನೋಡಿದ್ರೆ ಗಂಟೆ ಬಾರಿಸ್ಬಿಡ್ತಾಳೆ," ಎಂದಳು ಎದುರು ಕೂತಿದ್ದ ದೋರ್ಟೆ. ಅವಳಿಗೂ ದಿನ ತುಂಬಿತ್ತು. ಈ ಮನೆಗೆ ಬಂದದ್ದು ಇದು ಎರಡನೆಯ ಸಲ.

ಹನೋವರ್ ಸೀಮೆಯಲ್ಲಿ ಆಗ ಮದುವೆಯಿಲ್ಲದೆ ಬಸಿರಾದವಳು ಚರ್ಚಿನಲ್ಲಿ ಎಲ್ಲರೆದುರು ನಿಂತು ತಪ್ಪೊಪ್ಪಿಕೊಳ್ಳಬೇಕಿತ್ತು. ಅದು ತಪ್ಪಬೇಕಾದರೆ ಡಾಕ್ಟರ್ ಹೆಲ್ವಿಗ್‌ರ ಹೆರಿಗೆಮನೆ. ಊಟ, ಹಾಸಿಗೆ ಎಲ್ಲ ಪುಕ್ಕಟೆ. ಬದಲಿಗೆ ನೋವು ಶುರುವಾದೊಡನೆ ಗಂಟೆ ಬಾರಿಸುತ್ತಾರೆ, ಡಾಕ್ಟರರ ಹಿಂದೆ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ನುಗ್ಗುತ್ತಾರೆ. ಹೆರುವವಳ ಮಾನಕ್ಕಿಂತ ಹುಡುಗರ ಓದು ದೊಡ್ಡದು, ಏನು ಮಾಡೋಣ! ಹೋದ ವಾರ ಡಾಕ್ಟರರು ಕಬ್ಬಿಣದ ಇಕ್ಕಳ ಹಾಕಿ ಹೆರಿಗೆ ಮಾಡಿಸಿದ್ದ ಗ್ರೇಟೆ ಜ್ವರ ಬಂದು ಸತ್ತಳು. ಆ ಇಕ್ಕಳವನ್ನು ಲೀಸ್ಬೆಟ್ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

"ತಲೆ ಕಾಣೋವರ್ಗೂ ತಡ್ಕೋ. ಆಮೇಲೆ ಸೂಲಗಿತ್ತೀನ ಕರೀತೀನಿ. ಆ ಹುಡುಗ್ರು ಬರೋಷ್ಟ್ರಲ್ಲಿ ಮಗು ನಿನ್ನ ಮಡಿಲಲ್ಲಿರುತ್ತೆ." ದೋರ್ಟೆ ಕಣ್ಣು ಹೊಡೆದಳು. "ಗಂಟೆಗೂ ಒಂದು ಗತಿ ಕಾಣ್ಸಿದೀನಿ. ಅದರ ನಾಲಗೆಗೆ ಉಣ್ಣೆಬಟ್ಟೆ ಬಿಗಿದಿದೀನಿ."

ಮಧ್ಯಾಹ್ನದ ಹೊತ್ತಿಗೆ ನೀರೊಡೆಯಿತು. ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳನ್ನು ಮಲಗಿಸಿ, ದೋರ್ಟೆ ಲಂಗ ಸರಿಸಿ ನೋಡಿದಳು. ಮುಖದ ತಮಾಷೆಯೆಲ್ಲ ಇಳಿದುಹೋಯಿತು.

"ತಲೆ ಬಂತಾ?"

"ಇಲ್ಲ ಕಣೇ... ಕೈ."

ಪುಟ್ಟ ಬೆರಳುಗಳು ನೀಲಿಗಟ್ಟಿದ್ದವು. ಮಗು ಅಡ್ಡ ಸಿಕ್ಕಿಕೊಂಡಿತ್ತು. ಅದನ್ನು ಒಳಗೇ ತಿರುಗಿಸಿ ಕಾಲು ಹಿಡಿದು ತೆಗೆಯಬಲ್ಲವರು ಆ ಊರಿನಲ್ಲಿ ಒಬ್ಬರೇ.

"ಬಾರ್ಸೇ!" ಲೀಸ್ಬೆಟ್ ಕಿರುಚಿದಳು. "ನನ್ನ ಮಗು ಹೋಗುತ್ತೆ, ಗಂಟೆ ಬಾರ್ಸೇ!"

ದೋರ್ಟೆ ಓಡಿಹೋಗಿ ಹಗ್ಗ ಜಗ್ಗಿದಳು. ಧಪ್, ಧಪ್ ಎಂದಿತು, ಅಷ್ಟೇ. ಕಿರುಚಾಟ ಕೇಳಿ ಓಡಿಬಂದ ಸೂಲಗಿತ್ತಿ "ಗಂಟೆಗೇನಾಯ್ತೇ?" ಎಂದು ಕೂಗುತ್ತಿದ್ದಳು. ದೋರ್ಟೆ ತುಂಬಿದ ಹೊಟ್ಟೆ ಹೊತ್ತು ಸ್ಟೂಲು ಹತ್ತಿದಳು. ತಾನೇ ಹಾಕಿದ ಗಂಟು ಬಿಚ್ಚಲು ಬರಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದು ಬಟ್ಟೆ ಬಿಡಿಸಿಕೊಂಡಳು, ಮತ್ತೆ ಹಗ್ಗ ಜಗ್ಗಿದಳು. ಗಂಟೆ ಬೀದಿಗೆಲ್ಲ ಕೇಳುವಂತೆ ಬಡಿದುಕೊಂಡಿತು.

ಬೂಟುಗಳ ಸದ್ದು ಬಂತು. ಹೆಲ್ವಿಗ್ ಉಂಗುರ ತೆಗೆದಿಟ್ಟು ಕೈಗೆ ಬೆಣ್ಣೆ ಸವರಿಕೊಂಡರು.

"ಕೈ ಬಂದು ಎಷ್ಟೊತ್ತಾಯ್ತು?"

ಲೀಸ್ಬೆಟ್ ಅವರ ತೋಳು ಹಿಡಿದುಕೊಂಡಳು.

"ಇಕ್ಕಳ ಬೇಡ ಸ್ವಾಮಿ..."

"ಇದಕ್ಕೆ ಇಕ್ಕಳ ನಡೆಯೋಲ್ಲಮ್ಮ. ತಿಣುಕ್ಬೇಡ, ಉಸಿರು ಬಿಡು."

ಸುತ್ತ ನಿಂತ ಇಪ್ಪತ್ತು ಜನರಲ್ಲಿ ಒಬ್ಬನೂ ಲೀಸ್ಬೆಟ್‌ಗೆ ಕಾಣಿಸಲಿಲ್ಲ. ಕಣ್ಣು ಮುಚ್ಚಿ ಒಳಗೆ ತಡಕುತ್ತಿದ್ದ ಡಾಕ್ಟರರ ಮುಖವೊಂದೇ ಕಾಣುತ್ತಿತ್ತು. ಅವರ ತುಟಿಯೂ ಅದುರುತ್ತಿತ್ತು.

ಮಗು ಕಾಲು ಮುಂದಾಗಿ ಬಂತು. ಸದ್ದಿಲ್ಲ. ಡಾಕ್ಟರರು ಅದರ ಬೆನ್ನು ತಟ್ಟಿದರು, ಬಾಯಿಗೆ ಉಸಿರೂದಿದರು, ಮತ್ತೆ ತಟ್ಟಿದರು. ಬಹಳ ಹೊತ್ತಿನ ಮೇಲೆ ಬೆಕ್ಕಿನಮರಿಯಂತೆ ಕುಯ್ಗುಟ್ಟಿತು.

"ಬೆಚ್ಚಗಿರೋ ಬಟ್ಟೆ ಕೊಡ್ರೀ, ಬೇಗ!"

ಸೂಲಗಿತ್ತಿ ದೋರ್ಟೆಯ ಮುಷ್ಟಿಯಲ್ಲಿದ್ದ ಉಣ್ಣೆಬಟ್ಟೆ ಕಿತ್ತುಕೊಂಡು ಮಗುವಿನ ನೀಲಿ ತೋಳಿಗೆ ಸುತ್ತಿದಳು. ದೋರ್ಟೆ ಗೋಡೆಗೊರಗಿ ಬಾಗಿಲಾಚೆ ತೂಗುತ್ತಿದ್ದ ಗಂಟೆಯ ಹಗ್ಗವನ್ನೇ ನೋಡುತ್ತ ನಿಂತಿದ್ದಳು. ಒಂದು ಕೈ ಅವಳ ಹೊಟ್ಟೆಯ ಮೇಲಿತ್ತು. ಈಗ ಅವಳೂ ಹಲ್ಲು ಕಚ್ಚಿಕೊಂಡಿದ್ದಳು.