ಒಂದೇ ಕಾಪಿ

೧೯೯೭ರಲ್ಲಿ ಗಾಂಧಿ ಬಜಾರಿನ ಹಣ್ಣಿನಂಗಡಿಯ ಮೇಲಿದ್ದ ನಮ್ಮ ಆಫೀಸಿನಲ್ಲಿ ನನ್ನ ಪಾಲಿಗೆ ಬಂದಿದ್ದು ಕತ್ತೆ ಚಾಕರಿ. ಸಿ ಭಾಷೆಯ ಪ್ರೋಗ್ರಾಮುಗಳನ್ನು ಕಟ್ಟಿಕೊಡುವ ನಮ್ಮ ಟೂಲಿಗೆ ಎರಡು ಕಾಪಿ: ಯುನಿಕ್ಸ್ ಕಂಪ್ಯೂಟರುಗಳಿಗೊಂದು, ವಿಂಡೋಸಿನವಕ್ಕೊಂದು. ಒಂದರಲ್ಲಿ ತಿದ್ದಿದ್ದನ್ನು ಇನ್ನೊಂದರಲ್ಲೂ ತಿದ್ದಬೇಕು. ಎರಡು ವರ್ಷ ಇದನ್ನೇ ಮಾಡಿ ರೋಸಿಹೋಗಿ, ಎರಡೂ ಕಡೆ ಓಡುವ ಒಂದೇ ಕಾಪಿ ಬರೆದೆ.

"ಶುಕ್ರವಾರದೊಳಗೆ ಎರಡರಲ್ಲೂ ಓಡಿದ್ರೆ ಸರಿ ಆಂಡಾಳ್. ಇಲ್ದಿದ್ರೆ ಇದನ್ನ ಬಿಟ್ಬಿಟ್ಟು ಹಳೇದನ್ನೇ ನೋಡ್ಕೊಳ್ಳಮ್ಮ," ಅಂದರು ಮಾಲೀಕರು ಚಂದ್ರಶೇಖರಯ್ಯ.

ಯುನಿಕ್ಸಿನಲ್ಲಿ ಓಡಿತು. ಫೈಲುಗಳನ್ನು ಫ್ಲಾಪಿಯಲ್ಲಿ ಪಕ್ಕದ ವಿಂಡೋಸ್ ಕಂಪ್ಯೂಟರಿಗೆ ಹಾಕಿದೆ. ಬದಲಾದ ಫೈಲನ್ನು ಮಾತ್ರ ಮತ್ತೆ ಕಂಪೈಲ್ ಮಾಡಿಸುವುದೇ, ಅಂದರೆ ಕಂಪ್ಯೂಟರು ಓಡಿಸಬಲ್ಲ ರೂಪಕ್ಕೆ ತರಿಸುವುದೇ, ಟೂಲಿನ ಕೆಲಸ. ಇಲ್ಲಿ ನೋಡಿದರೆ, ಏನೂ ಬದಲಾಗದಿದ್ದರೂ ಪ್ರತಿಸಲ ನಲವತ್ತು ಫೈಲನ್ನೂ ಮೊದಲಿಂದ ಮಾಡಿಸುತ್ತಿತ್ತು. ವಿಂಡೋಸಿಗೆ ಹಿಡಿಶಾಪ ಹಾಕುತ್ತಾ ಕಾಫಿಗೆ ಹೋದೆ. ಬಂದು ಎರಡು ಸಲ ಓಡಿಸಿದರೆ, ಎರಡನೇ ಸಲ ಒಂದು ಫೈಲನ್ನೂ ಮುಟ್ಟಲಿಲ್ಲ, ಎಲ್ಲ ಸರಿ! ಫ್ಲಾಪಿಯಲ್ಲಿ ಹೊಸದಾಗಿ ತಂದು ಹಾಕಿದರೆ ಮತ್ತೆ ಅದೇ ಗೋಳು.

ಬುಧವಾರ ಮೂರನೇ ಕಾಫಿಗೆ ಏಳುವಾಗ ತಲೆಗೆ ಹೊಳೆಯಿತು. ಟೂಲು ಫೈಲಿನ ಮೇಲಿನ ಸಮಯ ನೋಡಿ ಹೊಸದು, ಹಳೆಯದು ಅನ್ನುತ್ತದೆ. ಯುನಿಕ್ಸ್ ಕಂಪ್ಯೂಟರಿನ ಗಡಿಯಾರ ಕಾಲು ಗಂಟೆ ಮುಂದಿತ್ತು. ಅಲ್ಲಿಂದ ತಂದ ಫೈಲು, ನಾನು ಕಾಫಿ ಕುಡಿದು ಬರುವಷ್ಟು ಹೊತ್ತು ಕಳೆಯುವವರೆಗೆ, ವಿಂಡೋಸಿನಲ್ಲಿ ಆಗಷ್ಟೇ ಕಂಪೈಲಾದದ್ದಕ್ಕಿಂತಲೂ ಹೊಸದಾಗಿ ಕಾಣುತ್ತಿತ್ತು.

"ನಾನೇ ಇಟ್ಟಿದ್ದು," ಅಂದರು ಚಂದ್ರಶೇಖರಯ್ಯ, ಹೆಮ್ಮೆಯಿಂದ. "ಗೋಡೆ ಗಡಿಯಾರಾನೂ ಹಂಗೇ ಇಟ್ಟಿದೀನಿ. ಇಲ್ದಿದ್ರೆ ಒಬ್ರಾದ್ರೂ ಟೈಮಿಗೆ ಬರ್ತೀರಾ? ವಿಂಡೋಸಿಂದೂ ಕಾಲು ಗಂಟೆ ಮುಂದಿಟ್ಬಿಡಮ್ಮ, ಮುಗೀತು."

"ಕಸ್ಟಮರ್‌ಗಳ ಹತ್ರ ಎಲ್ಲ ಹೋಗಿ ಗಡಿಯಾರ ತಿರುಗಿಸ್ತೀರಾ ಸಾರ್?"

ಬಾಯಿ ತಪ್ಪಿ ಬಂದ ಮಾತಲ್ಲ, ಬೇಕೆಂದೇ ಅಂದೆ. ಯಾರ ಗಡಿಯಾರವನ್ನೂ ನಂಬದ ಟೂಲನ್ನೇ ಮಾಡುತ್ತೇನೆಂದು ಹಠ ಹಿಡಿದು ಕೂತೆ. ಸಮಯ ನೋಡುವ ಭಾಗವನ್ನು ಕಿತ್ತುಹಾಕಿ, ಫೈಲಿನ ಒಳಗಿರುವುದು ಹೋದ ಸಲಕ್ಕಿಂತ ಬದಲಾಗಿದೆಯೇ ಎಂದು ಹೋಲಿಸುವಂತೆ ಬರೆದೆ.

ಶುಕ್ರವಾರ ಅವರೆದುರಿಗೇ ವಿಂಡೋಸಿನ ಗಡಿಯಾರವನ್ನು ಹತ್ತು ವರ್ಷ ಹಿಂದಕ್ಕಿಟ್ಟು ಓಡಿಸಿದೆ. ಒಂದು ಫೈಲನ್ನೂ ಅದು ಮುಟ್ಟಲಿಲ್ಲ. ಒಂದು ಸಾಲು ತಿದ್ದಿದೆ. ಅದೊಂದೇ ಫೈಲು ಕಂಪೈಲಾಯಿತು. ಯುನಿಕ್ಸಿನಲ್ಲೂ ಹಾಗೇ. ಖುಷಿಗೆ ನನಗೆ ಕೂರಲಾಗಲಿಲ್ಲ.

"ಹಳೇ ಎರಡು ಕಾಪೀನೂ ಇರ್ಲಿ ಬಿಡು, ಯಾವುದಕ್ಕೂ," ಅಂದರು.

"ಇದ್ರೆ ನಾಳೆ ಮತ್ತೆ ಅದನ್ನೇ ತಿದ್ದು ಅಂತೀರ ಸಾರ್."

ಅವರು ನಕ್ಕರು, ಇಲ್ಲವೆನ್ನಲಿಲ್ಲ. ಎರಡು ವರ್ಷದ ನನ್ನ ದುಡಿಮೆ ಅದು, ಅಳಿಸುವಾಗ ಸಂಕಟವಾಗುತ್ತದೆ ಅಂದುಕೊಂಡಿದ್ದೆ. ಕೀಬೋರ್ಡನ್ನು ಹತ್ತಿರಕ್ಕೆಳೆದು, ಅವರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಎರಡನ್ನೂ ಅಳಿಸಿದೆ.