ಕೆಂಪು ದೀಪ ಆರಿದ ಭಾನುವಾರ

ನಿವೃತ್ತ ಸರ್ವೆಯರ ಜೀಪನ್ನು ಯಾರಾದರೂ ಹಳೇ ಗಾಡಿ ಎಂದರೆ ಅವರಿಗೆ ಮೂಗಿನ ತುದಿಗೇ ಸಿಟ್ಟು ಬರುತ್ತಿತ್ತು. "ಹಳೇದಲ್ಲ ಸ್ವಾಮಿ, ಪಳಗಿದ್ದು" ಎಂದು ತಿದ್ದುತ್ತಿದ್ದರು. ಕೆಲಸದಲ್ಲಿದ್ದಾಗ ಅದರಲ್ಲೇ ಗುಡ್ಡ ಹತ್ತಿ, ಹಳ್ಳ ಇಳಿದು, ಕಂಡವರ ಜಮೀನನ್ನೆಲ್ಲ ಅಳೆದವರು ಅವರು. ಇಲಾಖೆ ಅದನ್ನು ಹರಾಜಿಗಿಟ್ಟ ದಿನ ತಾವೇ ಮುಂದೆ ನಿಂತು ಕೂಗಿ ಮನೆಗೆ ತಂದಿದ್ದರು. ಬಾಗಿಲು ಎರಡು ಸಲ ಜಪ್ಪಿದರೇ ಮುಚ್ಚುತ್ತಿದ್ದದ್ದು, ಹಾರನ್ನಿಗೆ ಗಂಟಲು ಕಟ್ಟಿತ್ತು, ವೈಪರು ತನಗೆ ಇಷ್ಟ ಬಂದ ಕಡೆ ಮಾತ್ರ ಒರೆಸುತ್ತಿತ್ತು. ಇವು ಯಾವುವೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪವೊಂದು ಅವರ ಹೆಂಡತಿಯ ಕಣ್ಣಿಗೆ ಬಿತ್ತು, ಅವರ ಪೇಚಾಟ ಶುರುವಾದದ್ದು ಅಲ್ಲಿಂದ.

ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. ರಿಟೈರಾದ ಮೇಲೂ ಇಡೀ ಬೀದಿ ಅವರನ್ನು ಹಾಗೇ ಕರೆಯುತ್ತಿತ್ತು, ಜಗಳ ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದರು. ಭಾನುವಾರ ಸಂಜೆ ಇಬ್ಬರೇ ಊರಾಚೆಯ ಗುಡ್ಡದ ನೆತ್ತಿಗೆ ಹೋಗುವುದು, ಫ್ಲಾಸ್ಕಿನ ಚಹಾ ಕುಡಿಯುತ್ತ ಕೆಳಗೆ ಊರಿನ ಮನೆಗಳಲ್ಲಿ ಬೆಳಕು ಹೊತ್ತಿಕೊಳ್ಳುವುದನ್ನು ನೋಡುವುದು ಮದುವೆಯಾದ ಹೊಸತರಲ್ಲಿ ಶುರುವಾದ ಅಭ್ಯಾಸ. ಮೊದಲು ಬೈಕಿನಲ್ಲಿ ಹೋಗುತ್ತಿದ್ದರು, ಆಮೇಲೆ ಜೀಪು ಬಂತು. ಅಲ್ಲಿ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ವಾರವಿಡೀ ಸರ್ವೆಯರು ಕಾಯುತ್ತಿದ್ದದ್ದು ಆ ಒಂದು ಗಂಟೆಗೇ.

ಒಂದು ಭಾನುವಾರ ಹೆಡ್‌ಮಿಸ್ ಜೀಪಿನ ಹಿಡಿ ಹಿಡಿದು ನಿಂತವರು ಒಳಗೆ ಇಣುಕಿದರು.

"ಇದೇನ್ರೀ ಇದು, ಕೆಂಪಗೆ ಉರೀತಿರೋದು?"

"ಬ್ರೇಕಿಂದು. ಸುಮ್ನೆ ಉರಿಯುತ್ತೆ. ನೀನು ಹತ್ತು."

"ಪಕ್ಕದಲ್ಲಿ ಹಳದೀದು?"

"ಅದೂ ಬ್ರೇಕಿಂದೇ. ಎಬಿಎಸ್ ಅಂತ. ಅದೂ ಸುಮ್ನೆ."

"ಎರಡೆರಡು ದೀಪ ಸುಮ್‌ಸುಮ್ನೆ ಉರಿಯೋ ಗಾಡೀಲಿ ನಾನು ಕೂರಲ್ಲ. ಆರಿದ ದಿನ ಹೇಳಿ, ಬರ್ತೀನಿ" ಎಂದು ಅವರು ಫ್ಲಾಸ್ಕನ್ನು ಸೀಟಿನ ಮೇಲಿಟ್ಟು ಒಳಗೆ ನಡೆದೇಬಿಟ್ಟರು.

ಸರ್ವೆಯರು ಹಟಕ್ಕೆ ಬಿದ್ದು ಒಬ್ಬರೇ ಗುಡ್ಡಕ್ಕೆ ಹೋದರು. ಅಭ್ಯಾಸಬಲದಿಂದ ಎರಡು ಲೋಟಕ್ಕೆ ಚಹಾ ಸುರಿದು, ಎರಡನ್ನೂ ತಾವೇ ಕುಡಿದು, ಊರಿನಲ್ಲಿ ಒಂದೂ ಬೆಳಕು ಹೊತ್ತುವ ಮೊದಲೇ ವಾಪಸು ಬಂದರು. ಅವಳಿಲ್ಲದ ಮೇಲೆ ಗುಡ್ಡ ಬರೀ ಗುಡ್ಡ. ಹೇಗಾದರೂ ಸರಿ, ಮುಂದಿನ ಭಾನುವಾರ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೇಬೇಕೆಂದು ಅವರು ಪಣ ತೊಟ್ಟರು.

ಮೊದಲು ಬಾನೆಟ್ ಎತ್ತಿ, ಬ್ರೇಕ್ ಎಣ್ಣೆಯ ಡಬ್ಬಿಗೆ ಕಂಠಮಟ್ಟ ಎಣ್ಣೆ ಹೊಯ್ದರು. ಕೆಂಪು ದೀಪ ಆರಿತು. ಹಳದಿಯದಕ್ಕೆ ಏನಾದರೂ ನೆಪ ಹೇಳಿದರಾಯಿತೆಂದು ಮೀಸೆಯಡಿ ನಕ್ಕರು. ಭಾನುವಾರ ಹೆಡ್‌ಮಿಸ್ ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ಬರುವಷ್ಟರಲ್ಲಿ ದೀಪ ಮತ್ತೆ ಹೊತ್ತಿಕೊಂಡು, ಅವರ ಮಾನ ಕಳೆಯಿತು. ಮತ್ತೆ ಎಣ್ಣೆ, ಮತ್ತೆ ದೀಪ. ಹೀಗೇ ವಾರಗಳು ಕಳೆದವು. ಕೊನೆಗೆ ಅವರು, ಸರ್ಕಾರಿ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡ ಮನುಷ್ಯ, ಮಾಡಬಾರದ ಕೆಲಸ ಮಾಡಿದರು. ಎರಡೂ ದೀಪಗಳ ಮೇಲೆ ಕಪ್ಪು ಟೇಪು ಅಂಟಿಸಿದರು.

ಹೆಡ್‌ಮಿಸ್ ಬಾಗಿಲಲ್ಲೇ ನಿಂತು ಕನ್ನಡಕ ಸರಿಮಾಡಿಕೊಂಡರು. ಕೈ ಚಾಚಿ ಉಗುರಿನಿಂದ ಟೇಪನ್ನು ಮೆಲ್ಲಗೆ ಕಿತ್ತರು. ಕೆಳಗೆ ದೀಪಗಳು ಜೋಡಿಯಾಗಿ ಉರಿಯುತ್ತಿದ್ದವು.

"ಎಂತೆಂಥಾ ಹುಡುಗೀರ ಕಾಪಿ ಚೀಟಿ ಹಿಡಿದಿದೀನಿ ನಾನು. ನೀವು ಯಾವ ಮೂಲೆ?" ಎಂದು ಟೇಪನ್ನು ಗಂಡನ ಅಂಗೈಗೆ ಅಂಟಿಸಿ ಹೋದರು.

ಬೇರೆ ದಾರಿಯಿಲ್ಲದೆ ಸರ್ವೆಯರು ಮೆಕ್ಯಾನಿಕ್‌ನ ಶೆಡ್ಡಿಗೆ ಹೋದರು. ಆತ ಗಾಡಿಗಳ ಬಗ್ಗೆ ಒಳ್ಳೆಯ ಸುದ್ದಿ ಹೇಳಿದ ದಾಖಲೆಯೇ ಇಲ್ಲ. "ಎಷ್ಟು ದಿನದಿಂದ ಉರೀತಿದೆ?" ಎಂದು ಡಾಕ್ಟರ ಧಾಟಿಯಲ್ಲಿ ಕೇಳಿ, ಗುಡ್ಡದ ಕಥೆ, ಹೆಡ್‌ಮಿಸ್ ಹಟ ಎಲ್ಲ ಕೇಳಿಸಿಕೊಂಡು, ಚಕ್ರ ಬಿಚ್ಚಿ, ನಾಲಿಗೆ ಲೊಚಗುಟ್ಟಿದ.

"ಪ್ಯಾಡು ಸವೆದು ಬರೀ ತಗಡು ಉಳಿದಿದೆ ಸಾರ್. ಪ್ಯಾಡು ಸವೆದ ಹಾಗೆ ಎಣ್ಣೆ ಕೆಳಗಿಳಿಯುತ್ತೆ, ಅದಕ್ಕೇ ದೀಪ ಉರಿಯೋದು. ನೀವು ಮೇಲಿಂದ ಎಣ್ಣೆ ಹೊಯ್ದು ಅದರ ಬಾಯಿ ಮುಚ್ಚಿಸಿದ್ರಿ. ಹಿಂದಿನ ಚಕ್ರದಲ್ಲಿ ಸೋರ್ತಾನೂ ಇದೆ. ಹಳದಿ ದೀಪದ ವೈರು ಇಲಿ ತಿಂದಿದೆ." ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ಹೇಳಿದ: "ಮೇಡಂ ಇದರಲ್ಲಿ ಕೂರದೇ ಇದ್ದಿದ್ದು ಒಳ್ಳೇದಾಯ್ತು. ಆ ಗುಡ್ಡದ ಇಳಿಜಾರಲ್ಲಿ ನೀವು ಒಬ್ಬರೇ ಹೇಗೆ ಬದುಕಿ ಬಂದ್ರೋ ಗೊತ್ತಿಲ್ಲ."

ಸರ್ವೆಯರಿಗೆ ಈಗ ಹೆದರಿಕೆಯಾಯಿತು. ತಮಗಾಗಿ ಅಲ್ಲ, ಪಕ್ಕದ ಸೀಟನ್ನು ನೆನೆದು. ಏನೇನು ಬೇಕೋ ಎಲ್ಲ ಹೊಸದು ಹಾಕು ಎಂದರು. ರಿಪೇರಿ ಮುಗಿಯುವವರೆಗೂ ದಿನಾ ಶೆಡ್ಡಿಗೆ ಹೋಗಿ ಹಳೇ ಟಯರಿನ ಮೇಲೆ ಕೂತು, ಮೆಕ್ಯಾನಿಕ್‌ಗೆ ಕೆಲಸ ಕಲಿಸಿ, ಅವನ ತಲೆ ತಿಂದರು.

ಆ ಭಾನುವಾರ ದೀಪಗಳು ನಿಜಕ್ಕೂ ಆರಿದ್ದವು. ಸರ್ವೆಯರು ಜೀಪನ್ನು ತೊಳೆದು ಗೇಟಿನ ಒಳಗೇ ನಿಲ್ಲಿಸಿ, ಗೆದ್ದ ಹುರುಪಿನಲ್ಲಿ ಹೆಂಡತಿಯನ್ನು ಕೂಗಿದರು. ಹೆಡ್‌ಮಿಸ್ ಬಂದು ಇಣುಕಿದರು. ಕೆಂಪೂ ಇಲ್ಲ, ಹಳದಿಯೂ ಇಲ್ಲ. ಅವರ ಮುಖ ಯಾಕೋ ಸಪ್ಪಗಾಯಿತು.

"ಬಲ್ಬು ಕಿತ್ತಿಸಿದ್ರಾ?"

"ಇಲ್ಲ ಕಣೇ, ನೋಡು ಬೇಕಾದ್ರೆ" ಎಂದು ಅವರು ಎಂಜಿನ್ ನಿಲ್ಲಿಸಿ ಮತ್ತೆ ಕೀಲಿ ತಿರುಗಿಸಿದರು. ಎರಡೂ ದೀಪ ಒಂದು ಕ್ಷಣ ಹೊತ್ತಿ ಆರಿದವು.

"ಅಗೋ! ಉರೀತಲ್ಲ!"

"ಹಾಗೆ ಉರಿದು ಆರಿದ್ರೇನೇ ಎಲ್ಲ ಸರಿಯಾಗಿದೆ ಅಂತ ಅರ್ಥ!"

"ಆವತ್ತು ಉರಿದ್ರೆ ಏನಿಲ್ಲ ಅಂದ್ರಿ, ಇವತ್ತು ಉರಿದ್ರೆ ಸರಿ ಇದೆ ಅಂತೀರಿ. ನಿಮ್ಮ ಮಾತಿಗೆ ತಲೆ ಬುಡ ಇಲ್ಲ. ನಾನು ಬರಲ್ಲ."

ಸರ್ವೆಯರಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ದುಃಖ. ಗಾಡಿಯದ್ದೇನೂ ತಪ್ಪಿಲ್ಲ, ಇವಳಿಗೆ ನನ್ನ ಜೊತೆಯೇ ಸಾಕಾಗಿದೆ ಎಂದು ಅವರಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತು. ವರಾಂಡದಲ್ಲಿ ಕೂತು, ಬಹಳ ದಿನದಿಂದ ಜೀಪಿನ ಮೇಲೆ ಕಣ್ಣಿಟ್ಟಿದ್ದ ಕಲ್ಲು ಕ್ವಾರಿ ಕಂಟ್ರಾಕ್ಟರಿಗೆ ಫೋನ್ ಹಚ್ಚಿದರು. "ಹ್ಞೂಂ, ಕೊಡ್ತೀನಿ. ನಾಳೇನೇ ಬಂದು ತಗೊಂಡು ಹೋಗಿ. ಪಕ್ಕದಲ್ಲಿ ಕೂರೋರೇ ಇಲ್ಲದ ಮೇಲೆ ನನಗ್ಯಾಕೆ ಗಾಡಿ?"

ಒಳಗಿನಿಂದ ಬಂದ ಹೆಡ್‌ಮಿಸ್ ಫೋನನ್ನು ಕಿತ್ತುಕೊಂಡು, "ಗಾಡಿ ಮಾರಾಟಕ್ಕಿಲ್ಲ" ಎಂದು ಕಟ್ ಮಾಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಗಂಡನ ಪಕ್ಕ ನಿಧಾನಕ್ಕೆ ಕೂತರು.

"ಮೊಣಕಾಲು ಕಣ್ರೀ" ಎಂದರು. "ನಿಮ್ಮ ಗಾಡಿ ಎಷ್ಟು ಎತ್ತರ ಇದೆ ಗೊತ್ತಾ? ಊರೆಲ್ಲಾ ಅಳೆದ್ರಿ, ಅದನ್ನ ಅಳೀಲಿಲ್ಲ. ಆವತ್ತು ಹಿಡಿ ಹಿಡ್ಕೊಂಡು, ಹೇಗಪ್ಪಾ ಹತ್ತೋದು ಅಂತ ನಿಂತಿದ್ದೆ. ಅಷ್ಟರಲ್ಲಿ ಆ ಕೆಂಪು ದೀಪ ಕಾಣಿಸ್ತು. ಪುಣ್ಯಾತ್ಮ ದೀಪ, ನನ್ನ ಮರ್ಯಾದೆ ಉಳಿಸ್ತು."

ಸರ್ವೆಯರು ಬಾಯಿಬಿಟ್ಟುಕೊಂಡು ನೋಡಿದರು. "ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನನಗೋಸ್ಕರ ಮಾರ್ತಿದ್ರಿ. ಮಾರಿ ಮೂಲೇಲಿ ಕೂತು ಒಣಗ್ತಿದ್ರಿ." ಹೆಡ್‌ಮಿಸ್ ಮೊಣಕಾಲು ನೀವಿಕೊಳ್ಳುತ್ತ ಹೇಳಿದರು: "ನೀವಾದ್ರೂ ಕೇಳಿದ್ರಾ? ದೀಪಕ್ಕೆ ಏನಾಗಿದೆ ಅಂತ ದಿನಾ ಶೆಡ್ಡಿಗೆ ಹೋಗಿ ಕೇಳಿದ್ರಿ. ನನಗೇನಾಗಿದೆ ಅಂತ ಒಂದ್ಸಲನೂ ಕೇಳ್ಲಿಲ್ಲ."

ಆ ಮಾತು ಸರ್ವೆಯರಿಗೆ ನೆಟ್ಟಗೆ ನಾಟಿತು.

"ಸ್ಟೂಲು ತರ್ಲಾ?"

"ಸ್ಟೂಲ್ ಮೇಲೆ ನಿಂತು ಹತ್ತೋದನ್ನ ಬೀದಿಯವರೆಲ್ಲ ನೋಡ್ಲಿ ಅಂತಾನಾ?"

"ಹಾಗಾದ್ರೆ ಎತ್ತಿ ಕೂರಿಸ್ಲಾ?"

"ಆಮೇಲೆ ನಿಮ್ಮ ಸೊಂಟಕ್ಕೂ ಒಂದು ಕೆಂಪು ದೀಪ ಹಾಕಿಸ್ಬೇಕಾಗುತ್ತೆ, ಸುಮ್ನಿರಿ."

ಸರ್ವೆಯರು ಎದ್ದು ನಿಂತರು. ಒಂದು ಕಣ್ಣು ಮುಚ್ಚಿ ಎತ್ತರದ ವರಾಂಡದ ಅಂಚನ್ನು ನೋಡಿದರು, ಜೀಪಿನ ಒಳನೆಲವನ್ನು ನೋಡಿದರು, ಮತ್ತೆ ಅಂಚನ್ನು ನೋಡಿದರು. ಹೋಗಿ ಜೀಪು ಹತ್ತಿ ರಿವರ್ಸ್ ಹಾಕಿದರು. ಗಾಡಿ ಅಂಗಳ ಬಿಟ್ಟು ಸೀದಾ ಹೂವಿನ ಪಾತಿಗೇ ನುಗ್ಗಿತು.

"ಗುಲಾಬಿ! ಗುಲಾಬಿ!" ಎಂದು ಹೆಡ್‌ಮಿಸ್ ಕೂಗಿದರು. ಗಂಡ ಏನು ಮಾಡುತ್ತಿದ್ದಾರೆಂದು ಹೊಳೆದದ್ದೇ ತಡ, ವರಾಂಡದ ಅಂಚಿಗೆ ಬಂದು, ಡ್ರಿಲ್ ಮಾಡಿಸುವ ಗತ್ತಿನಲ್ಲಿ ಕೈ ಎತ್ತಿದರು. "ಬನ್ನಿ, ಬನ್ನಿ... ಎಡಕ್ಕೆ... ಗುಲಾಬಿ ಹೋದ್ರೆ ಹೋಗ್ಲಿ, ಇನ್ನೂ ಎಡಕ್ಕೆ... ನಿಲ್ಸಿ!"

ಜೀಪು ವರಾಂಡಕ್ಕೆ ಒಂದು ಗೇಣು ಉಳಿದಿರುವಾಗ ಕಚ್ಚಿ ಹಿಡಿದ ಹಾಗೆ ನಿಂತಿತು. ಹೊಸ ಬ್ರೇಕು ತನ್ನ ಕೆಲಸ ಮಾಡಿತ್ತು. ಎಡಗಡೆಯ ಬಾಗಿಲು ತೆರೆದರೆ ಜೀಪಿನ ಒಳನೆಲ ವರಾಂಡದ ನೆಲಕ್ಕಿಂತ ಚೂರೇ ಚೂರು ಮೇಲಿತ್ತು. ಹೆಡ್‌ಮಿಸ್ ಪಕ್ಕದ ಕೋಣೆಗೆ ಹೋಗುವಷ್ಟು ಸಲೀಸಾಗಿ ಒಳಗೆ ಬಂದು ಕೂತರು. ಬಾಗಿಲನ್ನು ಎರಡು ಸಲ ಜಪ್ಪಿದರು.

"ಗುಡ್ಡದ ಮೇಲೆ ಇಳಿಯೋದು ಹೇಗೆ?"

"ಇಳಿಯೋದ್ಯಾಕೆ? ಕೂತೇ ನೋಡೋಣ."

ಆದರೆ ಸರ್ವೆಯರು ಗಾಡಿ ತೆಗೆಯಲಿಲ್ಲ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ಹೆಂಡತಿಯ ಮುಖ ನೋಡಲು ಧೈರ್ಯ ಸಾಲದೆ ಮುಂದಿನ ಗಾಜನ್ನೇ ನೋಡುತ್ತ ಕೇಳಿದರು.

"ನೋವು... ಎಡಗಾಲಾ, ಬಲಗಾಲಾ?"

ಹೆಡ್‌ಮಿಸ್ ಈ ಕಡೆ ತಿರುಗಿ ಗಂಡನನ್ನು ನೋಡಿದರು. ಅವರ ಕಣ್ಣು ತುಂಬಿಕೊಂಡಿತ್ತು, ದನಿ ಮಾತ್ರ ಶಾಲೆಯದೇ.

"ಎರಡೂ. ಮೊದಲು ಗುಲಾಬಿ ಮೇಲಿಂದ ಗಾಡಿ ತೆಗೀರಿ, ದಾರೀಲಿ ಎಲ್ಲಾ ಹೇಳ್ತೀನಿ."