ಅಳುಮುಂಜಿ

ಕನ್ನಡಕದ ಅಂಗಡಿಯ ಎದುರಿಗೆ, ರಸ್ತೆಯಾಚೆಯ ಕಟ್ಟಡದ ಗೋಡೆಯ ಮೇಲೆ ಎರಡು ಮಹಡಿ ಎತ್ತರದ ಜಾಹೀರಾತು ಏರಿದ್ದು ಒಂದು ಸೋಮವಾರ. ಅಂಗಡಿಯಲ್ಲಿ ಎಲ್ಲರೂ 'ಅಕ್ಕ' ಎಂದೇ ಕರೆಯುತ್ತಿದ್ದ ಹೆಂಗಸು ಬೆಳಿಗ್ಗೆ ಶಟರ್ ಎತ್ತಿ, ಗಾಜಿನ ಕಪಾಟು ಒರೆಸುತ್ತ ಹೊರಗೆ ಕಣ್ಣು ಹಾಯಿಸಿದವಳು ತನ್ನ ಮುಖವನ್ನೇ ನೋಡಿದಳು. ಹದಿನೇಳರ ಹರೆಯದ ಮುಖ. ಬಾಯಿ ಅಗಲವಾಗಿ ತೆರೆದಿದೆ, ಕಾಡಿಗೆ ಕೆನ್ನೆಯುದ್ದಕ್ಕೂ ಹರಿದಿದೆ, ದುಡ್ಡು ಕೊಟ್ಟು ಗುಂಗುರು ಮಾಡಿಸಿದ ಕೂದಲು ಹಣೆಗೆ ಅಂಟಿದೆ, ತಲೆಯ ಹಿಂದೆ ಬಣ್ಣದ ದೀಪಗಳ ಸಾಲು. ಕೆಳಗೆ ಹಳದಿ ಅಕ್ಷರದಲ್ಲಿ, 'ಅಳುಮುಂಜಿ ಹುಡುಗಿ ನೆನಪಿದ್ದಾಳಾ? ಆ ಕಾಲದ ಹುಚ್ಚು ಮತ್ತೆ ನಿಮ್ಮ ಮನೆಗೆ. ಭಾನುವಾರ ಮಧ್ಯಾಹ್ನ, ನೇರ ಪ್ರಸಾರ.'

ಅವಳ ಕೋಪದ ರೀತಿಯೇ ಬೇರೆ. ಕೂಗಾಡುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಎಸೆಯುವುದಿಲ್ಲ. ದನಿ ಇಳಿಯುತ್ತದೆ, ಮಾತು ಚೊಕ್ಕಟವಾಗುತ್ತದೆ. ಅಂಗಡಿಯ ಯಜಮಾನರಿಗೆ ಇದು ಚೆನ್ನಾಗಿ ಗೊತ್ತು. "ಆ ಫ್ರೇಮಿನ ಟ್ರೇ ಸ್ವಲ್ಪ ಇತ್ತ ಕೊಡ್ತೀರಾ" ಎಂದು ಅವಳು ಮೆಲ್ಲಗೆ ಕೇಳಿದ್ದೇ ತಡ, ಕುಡಿಯುತ್ತಿದ್ದ ಚಹಾ ಅರ್ಧಕ್ಕೆ ಬಿಟ್ಟು ಟ್ರೇ ತಂದಿಟ್ಟರು. ಏನಾಯಿತೆಂದು ಕೇಳುವ ಧೈರ್ಯ ಮಾಡಲಿಲ್ಲ.

ಆ ಮುಖ ಅವಳನ್ನು ಬೆನ್ನು ಹತ್ತಿದ್ದು ಇದೇ ಮೊದಲಲ್ಲ. ಹಳೆಯ ಪಾಪ್ ಹಾಡುಗಳ ಬಗ್ಗೆ ಟೀವಿಯಲ್ಲಿ ಯಾವ ಕಾರ್ಯಕ್ರಮ ಬಂದರೂ ಮಧ್ಯದಲ್ಲಿ ಅದು ಬಂದೇ ಬರುತ್ತಿತ್ತು. ಅಂಗಿಗಳ ಮೇಲೆ ಬಂತು, ಕಾಫಿ ಕಪ್ಪುಗಳ ಮೇಲೆ ಬಂತು. ಮೊಬೈಲು ಬಂದ ಮೇಲಂತೂ ಕೇಳುವುದೇ ಬೇಡ. ಸಂಬಳ ತಡವಾದರೂ ಜನ ಒಬ್ಬರಿಗೊಬ್ಬರು ಕಳಿಸುವುದು ಅದೇ ಮುಖ, ಹುಡುಗಿ ಕೈಕೊಟ್ಟರೂ ಅದೇ ಮುಖ, ಬಸ್ಸು ತಪ್ಪಿದರೂ ಅದೇ ಮುಖ. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡನಿಗೆ ಜೊತೆಯವರು ಯಾರೋ ಅದನ್ನು ಕಳಿಸಿದ್ದರು. ಅವನು ಅಳಿಸಿಹಾಕಿ, ಆ ಸಂಜೆ ಸುಮ್ಮನೆ ಪಾತ್ರೆ ತೊಳೆದ.

ಅದು ಕ್ಯಾಸೆಟ್ಟಿನ ಕಾಲ. ರೇಡಿಯೋದ ಪಕ್ಕ ಟೇಪ್ ರೆಕಾರ್ಡರ್ ಇಟ್ಟು, ನಿರೂಪಕ ಬಾಯಿ ಮುಚ್ಚುವುದನ್ನೇ ಕಾದು ಗುಂಡಿ ಒತ್ತಿ ಹಾಡು ಹಿಡಿಯುತ್ತಿದ್ದ ಕಾಲ. ಹೊಳೆಯುವ ಬೆಳ್ಳಿ ಬಣ್ಣದ ಕೋಟು ತೊಟ್ಟು ಹಾಡುತ್ತಿದ್ದವನೊಬ್ಬನನ್ನು ಎಲ್ಲರೂ 'ಮಿಂಚು' ಎನ್ನುತ್ತಿದ್ದರು. ಅಕ್ಕತಂಗಿಯರ ಕೋಣೆಯ ಬಾಗಿಲ ಹಿಂದೆ ಅವನದೇ ಚಿತ್ರ. ತಂಗಿಗೆ ಅವನೆಂದರೆ ಪ್ರಾಣ. ಅಕ್ಕನಿಗೆ ಪ್ರಾಣವಲ್ಲದಿದ್ದರೂ ಹತ್ತಿರಹತ್ತಿರ. ಮಿಂಚು ಊರಿಗೆ ಬಂದಾಗ ಅಪ್ಪನನ್ನು ಕಾಡಿ ಬೇಡಿ ಇಬ್ಬರೂ ಮೈದಾನಕ್ಕೆ ಹೋದರು.

ಎರಡನೆಯ ಹಾಡಿಗೆ ಹಿಂದಿನಿಂದ ಜನ ನುಗ್ಗಿದರು. ಕಬ್ಬಿಣದ ಕೊಳವೆಗಳ ಬೇಲಿ ಬಾಗಿತು, ಆಮೇಲೆ ಮಗುಚಿತು. ಹದಿಮೂರರ ತಂಗಿ ಅದರ ಕೆಳಗೆ ಸಿಕ್ಕಿಕೊಂಡಳು. ಬೇಲಿಯ ಮೇಲೆ ಜನ, ಜನರ ಮೇಲೆ ಜನ. ಅಕ್ಕ ಒಂದು ಕೈಯಲ್ಲಿ ತಂಗಿಯ ಬೆರಳು ಹಿಡಿದುಕೊಂಡೇ ಸುತ್ತ ನೋಡಿದಳು. ಸಹಾಯಕ್ಕೆ ಬರಬಲ್ಲವನು ಒಬ್ಬನೇ ಕಂಡ. ಹಿಂದೆ, ಹತ್ತಿರದಲ್ಲೇ, ಎತ್ತರದ ಅಟ್ಟದ ಮೇಲೆ, ಜನರ ನೂಕಾಟ ತಾಗದ ಜಾಗದಲ್ಲಿ, ಟೀವಿಯವರ ಕ್ಯಾಮೆರಾ ಹಿಡಿದು ನಿಂತಿದ್ದ ಯುವಕ. "ಬೇಲಿ ಎತ್ರೋ, ಮಗು ಕೆಳಗಿದೆ" ಎಂದು ಅವನಿಗೆ ಗಂಟಲು ಹರಿಯುವಂತೆ ಕೂಗಿದಳು. ಅವನು ಕ್ಯಾಮೆರಾವನ್ನು ಅವಳ ಮುಖಕ್ಕೆ ತಿರುಗಿಸಿದ. ಅಲ್ಲಿಂದ ಕದಲಿಸಲಿಲ್ಲ.

ಆ ವಾರ ಟೀವಿಯಲ್ಲಿ ಆ ಮುಖ ಬಂತು. ಅವಳ ದನಿಯಿದ್ದ ಜಾಗದಲ್ಲಿ ಮಿಂಚುವಿನ ಹಾಡು ಹಾಕಿದ್ದರು. ಕಾಲೇಜಿನಲ್ಲಿ ಗೆಳತಿಯರಿಗೆ ನಿಜ ಹೇಳಿ ನೋಡಿದಳು. "ಆಯ್ತು ಬಿಡೇ, ಇದಕ್ಕೆಲ್ಲ ಯಾಕೆ ನಾಚ್ಕೋತೀಯ, ನಾವೂ ಅತ್ತಿದ್ವಿ" ಎಂದು ನಕ್ಕರು. ಅಪ್ಪ ಟೀವಿ ಕಚೇರಿಗೆ ಹೋದ. ಹೊರಗಿನ ಬೆಂಚಿನ ಮೇಲೆ ಕಾಯಿಸಿ ಕಾಯಿಸಿ, ಕೊನೆಗೆ ಯಾರೋ ಒಬ್ಬ ಬಂದು ಮಿಂಚು ಸಹಿ ಮಾಡಿದ ಫೋಟೋ ಕೈಗಿತ್ತು, "ಮಗಳಿಗೆ ಕೊಡಿ, ಖುಷಿಪಡ್ತಾಳೆ" ಎಂದು ಸಾಗಹಾಕಿದ. ಆಸ್ಪತ್ರೆಯ ಮಂಚದಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ತಂಗಿ ಆ ಫೋಟೋ ನೋಡಿ ನಿಜಕ್ಕೂ ಖುಷಿಪಟ್ಟಳು. ಅಕ್ಕನಿಗೆ ಇವತ್ತಿಗೂ ಗಂಟಲಲ್ಲಿ ಇಳಿಯದಿರುವುದು ಅದೊಂದೇ.

ತಂಗಿಯ ಒಂದು ಕಾಲು ಬೆಳೆಯದೆ ಗಿಡ್ಡವಾಯಿತು. ಅಡಿಭಾಗ ದಪ್ಪಗಿರುವ ಬೂಟು ಹಾಕಿ ನಡೆಯುವುದನ್ನು ಕಲಿತಳು. ಈಗ ಟ್ಯಾಕ್ಸಿ ಕಚೇರಿಯೊಂದರಲ್ಲಿ ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರಿನ ಡ್ರೈವರುಗಳನ್ನೆಲ್ಲ ಕುಣಿಸುತ್ತಾಳೆ.

ಜಾಹೀರಾತು ಏರಿದ ಮಧ್ಯಾಹ್ನ ಅವಳೇ ಫೋನು ಮಾಡಿದಳು. "ಅಕ್ಕ, ನೋಡಿದ್ಯಾ? ಚೌಕದಲ್ಲೂ ಒಂದು ಹಾಕಿದಾರೆ. ನಿನ್ನ ಹಲ್ಲು ಎಷ್ಟು ಚೆನ್ನಾಗಿತ್ತು ಆಗ."

"ನಗು ಬರ್ತಿದೆಯಾ ನಿಂಗೆ?"

"ಅಳಬೇಕಾ? ಆ ಕೆಲಸ ನೀನೇ ಮಾಡ್ತಾ ಇದೀಯಲ್ಲ, ಎರಡು ಮಹಡಿ ಎತ್ತರಕ್ಕೆ."

ಅಕ್ಕ ಫೋನಿಟ್ಟಳು.

ಬುಧವಾರ ಟೀವಿ ವಾಹಿನಿಯ ಹುಡುಗಿಯೊಬ್ಬಳು ಅಂಗಡಿಗೇ ಹುಡುಕಿಕೊಂಡು ಬಂದಳು. ದೂರದ ಸಂಬಂಧಿಯೊಬ್ಬ 'ಅಳುಮುಂಜಿ ನಮ್ಮ ಅತ್ತೆ' ಎಂದು ಎಲ್ಲೋ ಬರೆದು ಜಂಬ ಕೊಚ್ಚಿಕೊಂಡಿದ್ದನಂತೆ. ಕಣ್ಣಿನ ಪರೀಕ್ಷೆಗೆ ಕಾದಿದ್ದವರ ನಡುವೆಯೇ ಸ್ಟೂಲು ಎಳೆದುಕೊಂಡು ಕೂತಳು.

"ಆಂಟಿ, ನೀವು ಬಂದ್ರೆ ಶೋ ಎಲ್ಲಿಗೋ ಹೋಗುತ್ತೆ. ಮಿಂಚು ಸರ್ ಬರ್ತಾರೆ. ಆ ಶಾಟ್ ತೆಗೆದ ಕ್ಯಾಮೆರಾ ಸರ್‌ಗೆ ಸನ್ಮಾನ ಇದೆ. ನೀವು ಬಂದು ಅದೇ ಥರ ಒಂದ್ಸಲ ಅತ್ತುಬಿಟ್ರೆ ಸಾಕು. ಗುಂಗುರು ವಿಗ್ ನಾವೇ ಕೊಡ್ತೀವಿ."

"ನಾನು ಅವತ್ತು ಯಾಕೆ ಅತ್ತೆ ಅಂತ ಗೊತ್ತಾ ನಿಮಗೆ?"

"ಅಯ್ಯೋ, ಗೊತ್ತಿಲ್ದೆ ಏನು. ಲವ್ ಅಲ್ವಾ ಆಂಟಿ," ಎಂದು ಹುಡುಗಿ ಕಣ್ಣು ಮಿಟುಕಿಸಿದಳು.

ಅಕ್ಕನ ದನಿ ಇಳಿಯಿತು. "ಸ್ಟೂಲು ಗಿರಾಕಿಗಳಿಗೆ ಬೇಕು. ಎದ್ದೇಳಮ್ಮ," ಎಂದಳು. ಹುಡುಗಿ ತನ್ನ ಕಾರ್ಡು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಎದ್ದುಹೋದಳು.

ಕೆಲಸ ಮುಗಿಸಿ ಅಕ್ಕ ನೇರ ತಂಗಿಯ ಮನೆಗೆ ಹೋದಳು. ಅಲ್ಲಿ ಯಾವಾಗಲೂ ಇರುವಂತೆ ಅಡುಗೆಮನೆಯಲ್ಲಿ ಮಿಂಚುವಿನ ಹಾಡು ಓಡುತ್ತಿತ್ತು. ಅಕ್ಕ ಬರುವುದನ್ನು ಕಂಡು ತಂಗಿ ಸದ್ದು ಕಡಿಮೆ ಮಾಡಿದಳು, ನಿಲ್ಲಿಸಲಿಲ್ಲ. ನಡೆದದ್ದನ್ನೆಲ್ಲ ಕೇಳಿ, "ಹೋಗೋಣ" ಎಂದಳು.

"ಏನಂದೆ?"

"ಇಬ್ಬರೂ ಹೋಗೋಣ. ನಂಗೆ ಮಿಂಚುನ ನೋಡ್ಬೇಕು. ಅವತ್ತು ಸರಿಯಾಗಿ ನೋಡೋಕಾಗ್ಲಿಲ್ಲ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನುಂಗಿಕೊಂಡದ್ದು ಒಮ್ಮೆಗೇ ಹೊರಗೆ ಬಂತು. "ನಾಚಿಕೆ ಆಗಲ್ವಾ ನಿಂಗೆ? ಅವನ ಹಾಡಿಗೆ ಜನ ನುಗ್ಗಿದ್ದು. ನಿನ್ನ ಕಾಲು ಮುರಿದಾಗ ಅವನು ಅಲ್ಲಿ ಕುಣೀತಿದ್ದ. ಆಸ್ಪತ್ರೇಲೂ ಅದೇ ಹಾಡು, ಇಲ್ಲೂ ಅದೇ ಹಾಡು. ನಾನು ರೇಡಿಯೋ ಮುಟ್ಟದೆ ಬದುಕ್ತಿದೀನಿ, ನೀನು ಒಗ್ಗರಣೆ ಹಾಕೋವಾಗ ತಾಳ ಹಾಕ್ತೀಯ."

ತಂಗಿ ಒಲೆ ಆರಿಸಿದಳು. "ಕಾಲು ಹೋಯ್ತು ಅಂತ ಹಾಡೂ ಕೊಟ್ಟುಬಿಡ್ಲಾ ಅಕ್ಕ? ಆ ಮಂಚದಲ್ಲಿ ಮಲಗಿ ಛಾವಣಿ ನೋಡ್ತಿದ್ದೋಳು ನಾನು. ನೀವೆಲ್ಲ ಬಂದು ಬಂದು ಅತ್ತು ಹೋಗ್ತಿದ್ರಿ. ಜೊತೆಗೆ ಇದ್ದದ್ದು ಆ ಕ್ಯಾಸೆಟ್ಟು. ಅದು ನಂದು. ನಿನ್ನ ಕೋಪಕ್ಕೆ ನಾನು ಅದನ್ನ ಬಿಡಲ್ಲ."

"ನನ್ನ ಕೋಪ ನಿನಗೋಸ್ಕರ."

"ನಾನು ಕೇಳಿದ್ನಾ?"

ಅಕ್ಕ ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತು, "ಭಾನುವಾರ ನಾನೂ ಬರ್ತೀನಿ. ಆದ್ರೆ ವಿಗ್ ಹಾಕಲ್ಲ" ಎಂದಳು.

ಭಾನುವಾರ ಸ್ಟುಡಿಯೋದಲ್ಲಿ ಎಲ್ಲಿ ನೋಡಿದರೂ ಥರ್ಮೊಕೋಲಿನ ದೊಡ್ಡ ದೊಡ್ಡ ಕ್ಯಾಸೆಟ್ಟುಗಳು. ಆ ಕಾಲದಲ್ಲಿ ಹುಟ್ಟಿಯೇ ಇರದ ಹುಡುಗಹುಡುಗಿಯರು ಭುಜಕ್ಕೆ ಮೆತ್ತೆ ತುಂಬಿದ ಕೋಟು ತೊಟ್ಟು, ಹಣೆಗೆ ಪಟ್ಟಿ ಕಟ್ಟಿಕೊಂಡು ಕುಣಿಯಲು ಸಜ್ಜಾಗಿದ್ದರು. ತಂಗಿಯನ್ನು ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಕೂರಿಸಿದರು. ವೇದಿಕೆಯ ಸೋಫಾದಲ್ಲಿ ಮಿಂಚು ಕೂತಿದ್ದ. ಕೂದಲಿಗೆ ಕಡುಗಪ್ಪು ಬಣ್ಣ, ಹೊಟ್ಟೆಗೆ ಬಿಗಿಯಾದ ಅದೇ ಬೆಳ್ಳಿ ಕೋಟು. ಪಕ್ಕದಲ್ಲಿ ನೆರೆತ ಗಡ್ಡದ ಕ್ಯಾಮೆರಾದವನು, ಆಗಷ್ಟೇ ಕೊಟ್ಟ ಗಾಜಿನ ಫಲಕವನ್ನು ಮಡಿಲಲ್ಲಿಟ್ಟುಕೊಂಡು ಮಾತಾಡುತ್ತಿದ್ದ.

"ಸಾವಿರಾರು ಮುಖ ಇದ್ವು. ಈ ಮುಖ ಸಿಕ್ಕಿದ ಕೂಡ್ಲೇ ಇದೇ ಅಂತ ಗೊತ್ತಾಯ್ತು. ಮಿಂಚು ಮಿಂಚು ಅಂತ ಕೂಗ್ತಾ ಇದ್ಲು ಪಾಪ."

ಅಕ್ಕನನ್ನು ಕರೆದರು. ಹಿಂದಿನ ದೊಡ್ಡ ಪರದೆಯ ಮೇಲೆ ಆ ಮುಖ ಅರಳಿತು. ಜನ ಹೋ ಎಂದರು. ನಿರೂಪಕ ಮೈಕು ಹಿಡಿದು, "ಮೇಡಂ, ಆ ಕ್ಷಣ ಮಿಂಚು ಅವರನ್ನ ನೋಡಿದಾಗ ಏನನ್ನಿಸ್ತು?" ಎಂದು ಕೇಳಿದ.

"ನಾನು ಅವರನ್ನ ನೋಡ್ಲೇ ಇಲ್ಲ," ಎಂದಳು ಅಕ್ಕ. "ಚಿತ್ರ ನೋಡಿ. ನನ್ನ ತಲೆ ಹಿಂದೆ ಕಾಣ್ತಿರೋದು ವೇದಿಕೆಯ ದೀಪ. ನಾನು ಹಾಡೋರಿಗೆ ಬೆನ್ನು ಹಾಕಿ ನಿಂತಿದೀನಿ."

ಎಲ್ಲರೂ ಪರದೆಯ ಕಡೆ ತಿರುಗಿದರು. ಅಷ್ಟು ವರ್ಷ ಊರೆಲ್ಲ ನೋಡಿದ ಚಿತ್ರದಲ್ಲಿ ಯಾರೂ ನೋಡಿರದ ಸಂಗತಿ ಅದು. ನಿರೂಪಕ ನಕ್ಕು, "ಎಂಥ ಟ್ವಿಸ್ಟು" ಎಂದ. ಮೂಲೆಯಲ್ಲಿ ನಿಂತಿದ್ದ ವಾಹಿನಿಯವನೊಬ್ಬ ಚಪ್ಪಾಳೆ ಹೊಡೆಯಿರೆಂದು ಕೈ ಮೇಲೆತ್ತಿದ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ಬೇಡ," ಎಂದಳು ಅಕ್ಕ. ದನಿ ಎಷ್ಟು ಮೆಲ್ಲಗಿತ್ತೆಂದರೆ ಜನ ಕಿವಿಗೊಟ್ಟು ಕೇಳಬೇಕಾಯಿತು. "ಬೇಲಿ ಬಿದ್ದಿತ್ತು. ನನ್ನ ತಂಗಿ ಅದರ ಕೆಳಗಿದ್ಲು. ನಾನು ಕೂಗಿದ್ದು ಬೇಲಿ ಎತ್ರೋ ಅಂತ. ಈ ಮನುಷ್ಯನಿಗೆ ಕೂಗಿದ್ದು. ನನ್ನ ಮುಖಕ್ಕೂ ಅವರ ಅಟ್ಟಕ್ಕೂ ಎಷ್ಟು ದೂರ ಇತ್ತು ಅಂತ ಅವರನ್ನೇ ಕೇಳಿ."

ಕ್ಯಾಮೆರಾದವನು ಫಲಕವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಸರಿಸಿದ. "ಹೆಡ್‌ಫೋನಿತ್ತು ಮೇಡಂ. ಹಾಡಿನ ಸದ್ದು ಬೇರೆ. ಕೇಳಿಸ್ಲಿಲ್ಲ."

"ಕಣ್ಣಿಗೂ ಹೆಡ್‌ಫೋನು ಹಾಕಿದ್ರಾ?"

ನಿರೂಪಕನ ಕಿವಿಯೊಳಗೆ ಯಾರೋ ಏನೋ ಹೇಳಿದರು. "ತುಂಬ ಭಾವುಕ ಕ್ಷಣ. ಈ ಕ್ಷಣಕ್ಕಾಗಿಯೇ ಮಿಂಚು ಸರ್ ಒಂದು ಹಾಡು" ಎಂದು ಅವನು ಅವಸರಿಸಿದ. ಅಕ್ಕನ ಮೈಕು ಸತ್ತಿತು. ಹುಡುಗರು ಕುಣಿಯಲು ಓಡಿಬಂದರು. ಡ್ರಮ್ಮು ಶುರುವಾಯಿತು. ಪರದೆಯ ಮೇಲೆ ಅವಳ ಮುಖ ಹಾಡಿನ ತಾಳಕ್ಕೆ ಸರಿಯಾಗಿ ಹಿಂದಕ್ಕೂ ಮುಂದಕ್ಕೂ ಓಡತೊಡಗಿತು.

"ಹಾಡು ನಿಲ್ಸಿ."

ಮೈಕಿಲ್ಲದ ದನಿ. ಇಡೀ ದಿನ ಡ್ರೈವರುಗಳನ್ನು ಅಂಕೆಯಲ್ಲಿಟ್ಟು ಪಳಗಿದ ದನಿ. ಮುಂದಿನ ಸಾಲಿನಲ್ಲಿ ತಂಗಿ ಎದ್ದು ನಿಂತಿದ್ದಳು. ಡ್ರಮ್ಮಿನವನು ತನಗೇ ಹೇಳಿದರೆಂದುಕೊಂಡು ಕೈ ತಡೆದ. ಮಿಂಚು ಅವಳ ಬೂಟು ನೋಡಿದ, ಆಮೇಲೆ ಮುಖ ನೋಡಿದ.

"ನನಗೆ ಇದೆಲ್ಲ ಗೊತ್ತಿರ್ಲಿಲ್ಲಮ್ಮ," ಎಂದ.

"ಇರ್ಲಿಲ್ಲ, ಸರಿ. ಈಗ ಗೊತ್ತಾಯ್ತಲ್ಲ. ನನಗೆ ನಿಮ್ಮ ಹಾಡು ಬೇಕು, ಅದಕ್ಕೇ ಬಂದಿದೀನಿ. ಆದ್ರೆ ಮೊದ್ಲು ನಮ್ಮಕ್ಕನ ಮುಖ ಇಳಿಸಿ. ಅದು ನಿಮ್ಮ ಆಟದ ಸಾಮಾನಲ್ಲ."

ಮಿಂಚು ಒಳಗಿನವರ ಕಡೆ ಕೈ ಬೀಸಿದ. ಪರದೆ ಕಪ್ಪಾಯಿತು. ಅವನು ಕೂತಲ್ಲೇ ಕೂತು, ಕುಣಿಯುವವರನ್ನು ಸರಿಸಿ, ಹಾಡಿದ. ದನಿ ಪೂರ್ತಿ ಕೆಟ್ಟಿತ್ತು. ತಂಗಿ ಜೊತೆಗೆ ಹಾಡಿದಳು, ಅವನು ಮರೆತ ಸಾಲನ್ನೂ ಸೇರಿಸಿ. ಅಕ್ಕ ಅದನ್ನು ಕೇಳಲು ನಿಲ್ಲಲಿಲ್ಲ. ಹೊರಗಿನ ಓಣಿಯಲ್ಲಿ, ಉಳಿದ ಥರ್ಮೊಕೋಲಿನ ಪಕ್ಕ, ನೀರಿನ ಬಾಟಲಿ ಹಿಸುಕುತ್ತ ನಿಂತಿದ್ದಳು. ಹೇಳಬೇಕಾದ್ದನ್ನು ಹೇಳಿದರೆ ಕೋಪ ಇಳಿಯುತ್ತದೆಂದು ಅವಳು ಎಣಿಸಿದ್ದಳು. ಎಳ್ಳಷ್ಟೂ ಇಳಿದಿರಲಿಲ್ಲ. ಬದಲಿಗೆ, ಇಷ್ಟು ಸುಲಭದ ಮಾತನ್ನು ಕೇಳಲು ಇವರಿಗೆಲ್ಲ ಇಷ್ಟು ಕಾಲ ಬೇಕಾಯಿತೇ ಎಂದು ಇನ್ನಷ್ಟು ಏರಿತ್ತು.

ವಾಹಿನಿಯವರು ವಿಷಾದ ವ್ಯಕ್ತಪಡಿಸಿದರು. ಎದುರಿನ ಗೋಡೆಗೆ ಹಲ್ಲಿನ ಪೇಸ್ಟಿನ ಜಾಹೀರಾತು ಬಂತು. ಮೊಬೈಲಿನಲ್ಲಿ ಆ ಮುಖ ಹೋಗಲಿಲ್ಲ; ಕೆಲವರು 'ಬೇಲಿ ಎತ್ರೋ' ಎಂದು ಹೊಸ ಸಾಲು ಸೇರಿಸಿ ಕಳಿಸಿಕೊಂಡರು, ಕೆಲವರು ಹಾಗೆ ಕಳಿಸಿದವರನ್ನು ಬೈದರು.

ಕೆಲವು ದಿನ ಕಳೆದು ಕ್ಯಾಮೆರಾದವನು ಅಂಗಡಿಗೆ ಬಂದ. ಕನ್ನಡಕಕ್ಕಲ್ಲ. ಗಿರಾಕಿಗಳು ಹೋಗುವವರೆಗೂ ಬಾಗಿಲ ಬಳಿಯೇ ನಿಂತಿದ್ದ.

"ನೋಡಿದ್ದೆ," ಎಂದ. "ಬೇಲಿ ಕೆಳಗೆ ಕೈ ಕಾಣ್ತಿತ್ತು. ಕೆಲಸ ಹೊಸದು. ಮುಖ ಬಿಡಬೇಡ ಅಂತ ಕಿವೀಲಿ ಹೇಳ್ತಿದ್ರು. ಬಿಡ್ಲಿಲ್ಲ. ಕ್ಷಮಿಸಿ ಅನ್ನೋಕೆ ಬಂದೆ."

ಅಕ್ಕ ಒರೆಸುತ್ತಿದ್ದ ಗಾಜನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. "ನಾನು ಕ್ಷಮಿಸಲ್ಲ. ಅದನ್ನ ಇಲ್ಲೇ ಹೇಳಿಬಿಡ್ತೀನಿ, ಸುಮ್ನೆ ಕಾಯ್ಬೇಡಿ. ಕಾಲು ನನ್ನ ತಂಗೀದು. ಬಸ್ ನಿಲ್ದಾಣದ ಹಿಂದೆ ಟ್ಯಾಕ್ಸಿ ಆಫೀಸಿದೆ. ಹೇಳೋದಿದ್ರೆ ಅಲ್ಲಿ ಹೋಗಿ ಹೇಳಿ."

ಅವನು ತಲೆಯಾಡಿಸಿ ಹೊರಟ. ಅಕ್ಕ ಅಂಗಡಿ ಮುಚ್ಚುವ ಹೊತ್ತಿಗೆ ತಂಗಿಯ ಫೋನು ಬಂತು.

"ಬಂದಿದ್ದ ಅಕ್ಕ ಅವನು. ನಾನು ನಕ್ಕು, ಹೋಗ್ಲಿ ಬಿಡಿ ಅಂತ ಹೇಳೋಣ ಅಂದ್ಕೊಂಡೆ."

"ಹೇಳಿದ್ಯಾ?"

"ಇಲ್ಲ. ನನ್ನ ಕೈ ಕಾಣ್ತಿತ್ತು ಅಂದ. ಅಷ್ಟು ಕೇಳಿದ್ದೇ, ಏನಾಯ್ತೋ ಏನೋ. ಬೈದೆ. ಬಾಯಿಗೆ ಬಂದಂಗೆ ಬೈದೆ. ಹೆಡ್‌ಫೋನು ತೆಗೆಯೋದು ಮರೆತು ಬೈದೆ, ಊರಿನ ಡ್ರೈವರುಗಳೆಲ್ಲ ಗಾಡಿ ನಿಲ್ಸಿ ಕೇಳಿದಾರೆ. ಒಬ್ಬ ವಾಪಸ್ ಫೋನ್ ಮಾಡಿ, ಮೇಡಂ ನಾನೇನು ತಪ್ಪು ಮಾಡಿದೆ ಅಂತಾನೆ."

ಅಕ್ಕ ಶಟರಿಗೆ ಒರಗಿ ನಿಂತಳು. ತಂಗಿಯ ದನಿ ಇನ್ನೂ ನಡುಗುತ್ತಿತ್ತು. ಅವಳು ಹಾಗೆ ಮಾತಾಡಿದ್ದನ್ನು ಅಕ್ಕ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಏನೇನು ಬೈದೆ?" ಎಂದಳು. "ಮೊದ್ಲಿಂದ ಹೇಳು."